ಯುದ್ಧಕ್ಕೆ ಹೋದ ಹಿರಿಯರ ಜಾಡು ಹಿಡಿಯುವುದು ಹೇಗೆ: ಮುಂಬಯಿ, ಪುಣೆಯ ಕನ್ನಡ ಕುಟುಂಬಗಳಿಗೆ

ಮುಂಬಯಿ, ಪುಣೆಗಳಲ್ಲಿ ನೆಲೆಸಿರುವ ಅನೇಕ ಕನ್ನಡ ಕುಟುಂಬಗಳಲ್ಲಿ ಮುತ್ತಜ್ಜನೋ ಅಜ್ಜನ ತಮ್ಮನೋ ದಂಡಿಗೆ ಸೇರಿದ್ದರು ಎಂಬ ಮಾತು ಉಳಿದುಕೊಂಡಿದೆ. ಬಸ್ರಾಕ್ಕೆ ಹೋದವರು ಮರಳಲಿಲ್ಲ, ಬರ್ಮಾದಲ್ಲಿ ಕಾಲಿಗೆ ಗುಂಡು ತಗಲಿತ್ತು, ಹಡಗು ಮುಳುಗಿತಂತೆ ಎಂಬಂಥ ಒಂದೆರಡು ವಾಕ್ಯಗಳಿಗಿಂತ ಹೆಚ್ಚಿನದು ಮೂರನೆಯ ತಲೆಮಾರಿಗೆ ತಲುಪಿರುವುದು ಅಪರೂಪ. ಅಷ್ಟರಿಂದಲೇ ಹೊರಟು ಅವರ ಪಲ್ಟಣ ಯಾವುದು, ಅವರು ಯಾವ ರಣರಂಗದಲ್ಲಿದ್ದರು, ತೀರಿಕೊಂಡಿದ್ದರೆ ಯಾವ ದಿನ, ಅವರ ಹೆಸರು ಎಲ್ಲಿ ಕೆತ್ತಲ್ಪಟ್ಟಿದೆ ಎಂಬುದರವರೆಗೆ ಹೋಗಲು ದಾರಿಯಿದೆ. ಅದಕ್ಕೆ ಬೇಕಾದ ಕಾಗದಪತ್ರಗಳ ಒಂದು ಪಾಲು ನಾವಿರುವ ಈ ನಗರಗಳಲ್ಲೇ ಇರುವುದರಿಂದ, ಊರಿನಲ್ಲಿರುವ ದಾಯಾದಿಗಳಿಗಿಂತ ನಮಗೆ ಈ ಕೆಲಸ ಸುಲಭ. ಆ ಕಾರಣಕ್ಕಾಗಿಯೇ ಇದು ನಮ್ಮ ಹೊಣೆಯೂ ಹೌದು ಎಂದು ನಾನು ನಂಬಿದ್ದೇನೆ.

ಆರಂಭಿಸುವ ಮುನ್ನ ಒಂದು ವಿಷಯವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಹೆಸರೊಂದನ್ನೇ ಹಿಡಿದು ಹುಡುಕಲು ಹೊರಟವರು ಸಾಮಾನ್ಯವಾಗಿ ಬರಿಗೈಯಲ್ಲಿ ನಿಲ್ಲುತ್ತಾರೆ. ಸೈನ್ಯದ ದಾಖಲೆಗಳು ಹೆಸರಿನ ಮೇಲಲ್ಲ, ಸೈನಿಕನ ನಂಬರು ಮತ್ತು ಪಲ್ಟಣದ ಮೇಲೆ ನಿಂತಿವೆ. ಸರ್ಕಾರದ ದಾಖಲೆಗಳು ಅಂದಿನ ಜಿಲ್ಲೆಯ ಮೇಲೆ ನಿಂತಿವೆ. ನಂಬರು, ಪಲ್ಟಣ, ಜಿಲ್ಲೆ ಈ ಮೂರರಲ್ಲಿ ಎರಡಾದರೂ ಕೈಗೆ ಬರುವವರೆಗೆ ಯಾವ ಕಚೇರಿಗೂ ಅರ್ಜಿ ಬರೆಯದಿರುವುದು ಒಳ್ಳೆಯದು.

ಮನೆಯಲ್ಲಿ ಇರುವುದನ್ನು ಮೊದಲು ನೋಡುವುದು

ಪದಕ ಇದ್ದರೆ ಅದೇ ಎಲ್ಲಕ್ಕಿಂತ ದೊಡ್ಡ ಸಾಕ್ಷಿ. ಮೊದಲನೆಯ ಮಹಾಯುದ್ಧದ ಪದಕಗಳ ಅಂಚಿನಲ್ಲಿ, ನಕ್ಷತ್ರದಾಕಾರದ್ದಾದರೆ ಹಿಂಬದಿಯಲ್ಲಿ, ಸೈನಿಕನ ನಂಬರು, ದರ್ಜೆ, ಹೆಸರು, ಪಲ್ಟಣ ಎಲ್ಲವನ್ನೂ ಸಣ್ಣ ಅಕ್ಷರಗಳಲ್ಲಿ ಒತ್ತಿರುತ್ತಾರೆ. ಬೆಳ್ಳಿಯ ಬ್ರಿಟಿಷ್ ವಾರ್ ಮೆಡಲ್ ಸೈನಿಕರಿಗೆ ಸಿಕ್ಕರೆ, ಸೈನ್ಯದ ಜೊತೆ ಹೋದ ಅಡುಗೆಯವರು, ನೀರು ಹೊರುವವರು, ಹೇಸರಗತ್ತೆ ಹೊಡೆಯುವವರು ಮೊದಲಾದವರಿಗೆ ಅದೇ ಪದಕವನ್ನು ಕಂಚಿನಲ್ಲಿ ಕೊಡುತ್ತಿದ್ದರು. ಆದ್ದರಿಂದ ಪದಕ ಕಂಚಿನದಾಗಿದ್ದರೆ ಹಿರಿಯರು ಬಂದೂಕು ಹಿಡಿದವರಲ್ಲದೆ ಸೇವಾದಳದವರಾಗಿರುವ ಸಂಭವ ಹೆಚ್ಚು. ಆ ಯುದ್ಧದಲ್ಲಿ ಮಡಿದವರ ಮನೆಗೆ ಬ್ರಿಟಾನಿಯಾ ದೇವಿ ಮತ್ತು ಸಿಂಹದ ಚಿತ್ರವಿರುವ, ಅಂಗೈಯಗಲದ ಕಂಚಿನ ಫಲಕವೂ ಬರುತ್ತಿತ್ತು. ಅದರಲ್ಲಿ ಹೆಸರು ಮಾತ್ರ ಇರುತ್ತದೆ, ದರ್ಜೆ ಇರುವುದಿಲ್ಲ.

ಎರಡನೆಯ ಮಹಾಯುದ್ಧದ ಆರು ಮೂಲೆಯ ಕಂಚಿನ ನಕ್ಷತ್ರಗಳನ್ನು ಬ್ರಿಟಿಷ್ ಸೈನಿಕರಿಗೆ ಹೆಸರಿಲ್ಲದೆ ಕೊಟ್ಟರೂ, ಭಾರತೀಯರಿಗೆ ಕೊಟ್ಟವುಗಳ ಹಿಂಬದಿಯಲ್ಲಿ ನಂಬರು, ದರ್ಜೆ, ಹೆಸರನ್ನು ಒತ್ತಿರುತ್ತಿದ್ದರು, ಆದ್ದರಿಂದ ಅಲ್ಲಿಯೂ ನೋಡಿ. ಹೆಸರು ಕಾಣದಿದ್ದರೂ ಅವು ರಣರಂಗವನ್ನು ತಿಳಿಸುತ್ತವೆ. ಆಫ್ರಿಕಾ ಸ್ಟಾರ್ ಇದ್ದರೆ 1940ರ ಜೂನ್‌ನಿಂದ 1943ರ ಮೇವರೆಗಿನ ಆಫ್ರಿಕಾದ ಕಾಳಗ, ಇಟಲಿ ಸ್ಟಾರ್ ಇದ್ದರೆ 1943ರ ಜೂನ್ ನಂತರದ ಇಟಲಿ, ಬರ್ಮಾ ಸ್ಟಾರ್ ಇದ್ದರೆ 1941ರ ಡಿಸೆಂಬರ್ ನಂತರದ ಬರ್ಮಾ ಎಂದು ತಿಳಿಯಬೇಕು. ಸ್ವಾತಂತ್ರ್ಯಾನಂತರದ ಪದಕಗಳಲ್ಲಿ ಸಮರ್ ಸೇವಾ ಸ್ಟಾರ್ ಮತ್ತು ರಕ್ಷಾ ಮೆಡಲ್ 1965ರ ಯುದ್ಧಕ್ಕೆ, ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್, ಸಂಗ್ರಾಮ್ ಮೆಡಲ್‌ಗಳು 1971ರ ಯುದ್ಧಕ್ಕೆ ಸೇರಿದವು.

ದಯವಿಟ್ಟು ಪದಕವನ್ನು ಹುಣಸೆಹಣ್ಣಿನಿಂದಾಗಲಿ ಪಾತ್ರೆ ತೊಳೆಯುವ ಪುಡಿಯಿಂದಾಗಲಿ ಉಜ್ಜಬೇಡಿ. ಅಂಚಿನ ಅಕ್ಷರಗಳು ಒಮ್ಮೆ ಸವೆದರೆ ಆ ನಂಬರು ಶಾಶ್ವತವಾಗಿ ಹೋದಂತೆಯೇ. ಒಣ ಹತ್ತಿಬಟ್ಟೆಯಿಂದ ಒರೆಸಿ, ಬೆಳಕನ್ನು ಓರೆಯಾಗಿ ಬಿಟ್ಟು ಮೊಬೈಲ್‌ನಲ್ಲಿ ಅಂಚಿನ ಸುತ್ತಲೂ ತುಂಡುತುಂಡಾಗಿ ಫೋಟೋ ತೆಗೆದರೆ ಕಣ್ಣಿಗೆ ಕಾಣದ ಅಕ್ಷರವೂ ಅನೇಕ ಸಲ ಓದಲು ಬರುತ್ತದೆ. ಬೆಳ್ಳಿಯ ಆಸೆಗೆ ಎಷ್ಟೋ ಪದಕಗಳು ಅಕ್ಕಸಾಲಿಗರ ಮೂಸೆಗೆ ಹೋಗಿವೆ, ಇನ್ನೆಷ್ಟೋ ಮುಂಬಯಿಯ ಚೋರ್ ಬಜಾರಿನಲ್ಲಿ ಯಾರದೋ ಮನೆತನದ ಹೆಸರು ಹೊತ್ತು ಮಾರಾಟಕ್ಕೆ ಕುಳಿತಿವೆ. ನಿಮ್ಮ ಮನೆಯಲ್ಲಿ ಉಳಿದಿದ್ದರೆ ಅದನ್ನು ಭಾಗ್ಯವೆಂದೇ ತಿಳಿಯಿರಿ.

ಪದಕ ಇಲ್ಲದಿದ್ದರೆ ಡಿಸ್ಚಾರ್ಜ್ ಪುಸ್ತಕ, ಪೇ ಬುಕ್, ಪಿಂಚಣಿಯ ಕಾಗದ, ಮನಿ ಆರ್ಡರ್ ಚೀಟಿ, ಸೈನ್ಯದ ಅಂಚೆಯ ಮೊಹರಿರುವ ಪತ್ರ ಇವುಗಳಲ್ಲಿ ಯಾವುದಾದರೂ ಟ್ರಂಕಿನ ತಳದಲ್ಲಿ, ದೇವರ ಕೋಣೆಯ ಪೆಟ್ಟಿಗೆಯಲ್ಲಿ, ಹೊಲದ ಕಾಗದಗಳ ಗಂಟಿನಲ್ಲಿ ಇದೆಯೇ ಎಂದು ನೋಡಬೇಕು. ಪತ್ರದ ಮೇಲಿನ ಫೀಲ್ಡ್ ಪೋಸ್ಟ್ ಆಫೀಸಿನ ನಂಬರನ್ನು ಗುರುತು ಹಾಕಿಕೊಳ್ಳಿ. ಆ ದಿನಾಂಕದಲ್ಲಿ ಆ ನಂಬರಿನ ಅಂಚೆ ಕಚೇರಿ ಯಾವ ದೇಶದಲ್ಲಿತ್ತು ಎಂಬುದನ್ನು ಅಂಚೆ ಇತಿಹಾಸದ ಅಭ್ಯಾಸಿಗಳು ಹೇಳಬಲ್ಲರು. ಸಮವಸ್ತ್ರದ ಫೋಟೋ ಇದ್ದರೆ ಭುಜದ ಪಟ್ಟಿಯ ಮೇಲಿನ ಲೋಹದ ಅಕ್ಷರಗಳನ್ನೂ ಟೋಪಿಯ ಬಿಲ್ಲೆಯನ್ನೂ ದೊಡ್ಡದು ಮಾಡಿ ನೋಡಿ, ಹಿಂಬದಿಯಲ್ಲಿ ಸ್ಟುಡಿಯೋದ ಮೊಹರಿದೆಯೇ ಎಂದೂ ನೋಡಿ. ಪುಣೆ ಕ್ಯಾಂಪಿನ ಸ್ಟುಡಿಯೋ ಎಂದಿದ್ದರೆ ಅವರು ಹೊರಡುವ ಮುನ್ನ ಅಥವಾ ಮರಳುವಾಗ ಇಲ್ಲಿ ತಂಗಿದ್ದರು ಎಂದು ಊಹಿಸಬಹುದು.

ಮುಂದಿನದು ಹಿರಿಯರ ನೆನಪು. ಇದನ್ನು ನಾಳೆಗೆ ಇಡಬಾರದು. ಯುದ್ಧದ ವಿಷಯವನ್ನು ನೇರವಾಗಿ ಕೇಳಿದರೆ ಅಜ್ಜಿಯರಿಗೂ ಸೋದರತ್ತೆಯರಿಗೂ ಹೇಳಲು ಏನೂ ತೋಚುವುದಿಲ್ಲ, ಏಕೆಂದರೆ ಯುದ್ಧ ಅವರು ಕಂಡದ್ದಲ್ಲ. ಅವರು ಕಂಡದ್ದು ಮನೆಯನ್ನು. ಆದ್ದರಿಂದ “ಮನಿ ಆರ್ಡರ್ ಯಾರ ಹೆಸರಿಗೆ ಬರತಿತ್ತು, ಆಯಿ? ಪೋಸ್ಟಮನ್ ಓದಿ ಹೇಳತಿದ್ದನೋ, ಮಾಸ್ತರರೋ? ರಜಾದ ಮ್ಯಾಲೆ ಬಂದಾಗ ಏನು ತಂದಿದ್ದರು? ಅವರ ಜೋಡಿ ಊರಿನಿಂದ ಮತ್ತ್ಯಾರು ಹೋಗಿದ್ದರು?” ಎಂದು ಕೇಳಬೇಕು. ಕೊನೆಯ ಪ್ರಶ್ನೆಯೇ ಹೆಚ್ಚು ಫಲ ಕೊಡುತ್ತದೆ. ಒಂದೇ ಓಣಿಯ ಹುಡುಗರು ಒಬ್ಬರ ಹಿಂದೆ ಒಬ್ಬರು ಒಂದೇ ಪಲ್ಟಣಕ್ಕೆ ಭರ್ತಿಯಾಗುವುದು ವಾಡಿಕೆಯಾಗಿತ್ತು. ನಿಮ್ಮ ಅಜ್ಜನ ಪದಕ ಕಳೆದುಹೋಗಿದ್ದರೂ ಅವರ ಜೊತೆಗಾರನ ಪದಕ ಪಕ್ಕದ ಮನೆಯಲ್ಲಿ ಇರಬಹುದು.

ಹೊಲದ ದಾಖಲೆಯನ್ನು ಜನ ಮರೆಯುತ್ತಾರೆ. ಯುದ್ಧದಿಂದ ಮರಳಿದವರಿಗೆ ಸರ್ಕಾರದಿಂದ ಜಮೀನು ಸಿಕ್ಕಿದ್ದರೆ ಹಕ್ಕು ಬದಲಾವಣೆಯ ಹಳೆಯ ನೋಂದಣಿಯಲ್ಲಿ, ಮಹಾರಾಷ್ಟ್ರದ ಕಡೆ ಫೇರ್‌ಫಾರ್ ನೋಂದಣಿಯಲ್ಲಿ, ಯಾವ ಕಾರಣಕ್ಕೆ ಕೊಟ್ಟದ್ದು ಎಂಬ ಟಿಪ್ಪಣಿ ಇರಬಹುದು.

ಅಂದಿನ ಜಿಲ್ಲೆ ಯಾವ ಆಡಳಿತದಲ್ಲಿತ್ತು

ಇಂದಿನ ಕರ್ನಾಟಕ ರೂಪುಗೊಂಡದ್ದು 1956ರ ನವೆಂಬರ್ 1ರಂದು. ಎರಡು ಮಹಾಯುದ್ಧಗಳ ಕಾಲದಲ್ಲಿ ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದುದರಿಂದ ಕಡತಗಳೂ ಹಂಚಿಹೋಗಿವೆ. ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಪ್ರಾಂತ್ಯದಲ್ಲಿದ್ದವು. ಇಂದಿನ ಗದಗ, ಹಾವೇರಿ, ಬಾಗಲಕೋಟೆಗಳು ಆ ಹಳೆಯ ಜಿಲ್ಲೆಗಳ ಒಳಗೇ ಇದ್ದವು. ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದವು, ಬೀದರ್, ಕಲಬುರಗಿ, ರಾಯಚೂರುಗಳು ನಿಜಾಮರ ಹೈದರಾಬಾದಿನಲ್ಲಿದ್ದವು, ಕೊಡಗು ಪ್ರತ್ಯೇಕವಾಗಿತ್ತು, ಹಳೆಯ ಮೈಸೂರು ಒಡೆಯರ ಸಂಸ್ಥಾನವಾಗಿತ್ತು.

ಇದರ ಫಲಿತಾರ್ಥವನ್ನು ನೋಡಿ. ಧಾರವಾಡದ ಕುಟುಂಬವೊಂದು ತನ್ನ ಹಿರಿಯರ ಬಗ್ಗೆ ಬೆಂಗಳೂರಿನಲ್ಲಿ ವಿಚಾರಿಸುತ್ತಾ ವರ್ಷಗಳನ್ನು ಕಳೆಯಬಹುದು. ಅವರಿಗೆ ಬೇಕಾದ ಹಳೆಯ ಪ್ರಾಂತ್ಯದ ಕಡತಗಳು ಮುಂಬಯಿಯ ಕಾಳಾ ಘೋಡಾದಲ್ಲಿ, ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿವೆ. ಲೋಕಲ್ ಟ್ರೈನಿನಲ್ಲಿ ಚರ್ಚ್‌ಗೇಟಿಗೋ ಸಿಎಸ್‌ಎಂಟಿಗೋ ಇಳಿದು ನಡೆದು ಹೋಗುವಷ್ಟು ಹತ್ತಿರದಲ್ಲಿ ಅವು ಇವೆ ಎಂಬುದು ನಮ್ಮಲ್ಲಿ ಬಹಳ ಜನರಿಗೆ ತಿಳಿದಿಲ್ಲ. ಅಲ್ಲಿ ಗುರುತಿನ ಚೀಟಿಯೊಡನೆ ಅನುಮತಿ ಪಡೆದು, ಸೂಚಿಯಲ್ಲಿ ಇಲಾಖೆ ಮತ್ತು ವರ್ಷವನ್ನು ಗುರುತಿಸಿ ಕಡತ ಕೇಳಬೇಕು. ಅಲ್ಲಿ ನಿಮ್ಮ ಅಜ್ಜನ ಸೇವಾ ಪುಸ್ತಕ ಸಿಗುತ್ತದೆ ಎಂದು ಹೋಗಬೇಡಿ. ಸೈನಿಕರ ಸೇವಾ ದಾಖಲೆ ಪ್ರಾಂತ್ಯ ಸರ್ಕಾರದ ಬಳಿ ಇರುತ್ತಿರಲಿಲ್ಲ. ಅಲ್ಲಿ ಹುಡುಕಬೇಕಾದದ್ದು ತಾಲ್ಲೂಕುವಾರು ಭರ್ತಿ, ಮಡಿದವರ ಕುಟುಂಬಕ್ಕೆ ನೆರವು, ಜಮೀನು ಮಂಜೂರಾತಿ ಮುಂತಾದ ವಿಷಯಗಳ ಮೇಲೆ ಕಲೆಕ್ಟರರು ನಡೆಸಿದ ಪತ್ರವ್ಯವಹಾರವನ್ನು.

ಮಂಗಳೂರು, ಉಡುಪಿ ಕಡೆಯವರು ಇಂಥದೇ ಕೆಲಸಕ್ಕೆ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರವನ್ನು ನೋಡಬೇಕಾಗುತ್ತದೆ. ಕಲಬುರಗಿ ಕಡೆಯವರಿಗೆ ಹೈದರಾಬಾದು, ಮೈಸೂರಿನವರಿಗೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ. ಮೈಸೂರು ಸಂಸ್ಥಾನದ ಸೈನ್ಯ ಬೇರೆಯೇ ಆಗಿತ್ತೆಂಬುದನ್ನು ನೆನಪಿಡಬೇಕು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದವರಲ್ಲಿ ಜೋಧಪುರದವರೊಂದಿಗೆ ಮೈಸೂರು ಲ್ಯಾನ್ಸರ್ಸ್ ಇದ್ದರು. ಮುಂದೆ 1942ರ ಫೆಬ್ರವರಿ 15ರಂದು ಸಿಂಗಪುರ ಶರಣಾದಾಗ ಸೆರೆಸಿಕ್ಕವರಲ್ಲಿ ಮೈಸೂರು ಇನ್‌ಫೆಂಟ್ರಿಯವರೂ ಇದ್ದರು.

ಮನೆಯಲ್ಲಿ ಏನೂ ಸಿಗದಿದ್ದರೆ ಊರಿಗೆ ಹೋದಾಗ ಚಾವಡಿಯ ಗೋಡೆಯನ್ನು, ಹಳೆಯ ಶಾಲೆಯನ್ನು, ದೇವಸ್ಥಾನದ ಅಗಸೆಯನ್ನು ನೋಡಿ ಬನ್ನಿ. ಮೊದಲ ಮಹಾಯುದ್ಧದ ನಂತರ ಅನೇಕ ಹಳ್ಳಿಗಳಲ್ಲಿ ಈ ಊರಿನಿಂದ ಇಷ್ಟು ಜನ ಯುದ್ಧಕ್ಕೆ ಹೋದರು, ಇಷ್ಟು ಜನ ಪ್ರಾಣ ಕೊಟ್ಟರು ಎಂಬ ಕಲ್ಲಿನ ಫಲಕವನ್ನು ನೆಟ್ಟಿದ್ದರು. ಹೆಸರುಗಳಿಲ್ಲದಿದ್ದರೂ ಸಂಖ್ಯೆ ಸಿಕ್ಕುವುದು ಸಣ್ಣ ಸಂಗತಿಯಲ್ಲ.

ಪಲ್ಟಣದ ಹೆಸರುಗಳನ್ನು ಬಿಡಿಸುವುದು

ಹಳೆಯ ಕಾಗದದಲ್ಲಿ 2/5 ಎಂದಿದ್ದರೆ ಅದು 5ನೇ ರೆಜಿಮೆಂಟಿನ 2ನೇ ಬೆಟಾಲಿಯನ್. 5ನೇ ರೆಜಿಮೆಂಟ್ ಎಂದರೆ ಬೆಳಗಾವಿಯಲ್ಲಿ ಕೇಂದ್ರವಿರುವ ಇಂದಿನ ಮರಾಠಾ ಲೈಟ್ ಇನ್‌ಫೆಂಟ್ರಿ. ಆದರೆ 1922ರ ಪುನಾರಚನೆಗೆ ಮೊದಲು ಅದೇ ಬೆಟಾಲಿಯನ್‌ಗಳಿಗೆ 103, 105, 110, 114, 116, 117 ಎಂಬ ಸಂಖ್ಯೆಗಳಿದ್ದವು. ಮೊದಲ ಯುದ್ಧದ ಪದಕದಲ್ಲಿ 110 ಎಂದೂ ಎರಡನೆಯ ಯುದ್ಧದ ಕಾಗದದಲ್ಲಿ 3/5 ಎಂದೂ ಇದ್ದರೆ ಅದು ಒಂದೇ ಪಲ್ಟಣ. ಇದು ತಿಳಿಯದೆ ತಂದೆ ಮಗ ಬೇರೆ ಬೇರೆ ಪಲ್ಟಣದಲ್ಲಿದ್ದರೆಂದು ತಿಳಿದುಕೊಂಡಿರುವ ಮನೆತನಗಳಿವೆ. ಮಹಾರ್ ರೆಜಿಮೆಂಟ್ ಕೂಡ 1941ರಲ್ಲಿ ಬೆಳಗಾವಿಯಲ್ಲೇ ಹುಟ್ಟಿತು. ಅದಕ್ಕಿಂತ ಹಿಂದೆ, 1917ರಲ್ಲಿ ಕಟ್ಟಿದ 111ನೇ ಮಹಾರ್ ಪಲ್ಟಣವನ್ನು ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ವಿಸರ್ಜಿಸಿದ್ದರು.

ಪಲ್ಟಣ ತಿಳಿದ ಮೇಲೆ ಅದು ಯಾವ ಡಿವಿಜನ್ ಜೊತೆ ಹೋಯಿತು ಎಂಬುದನ್ನು ಹಿಡಿಯಬೇಕು. ಮನೆಯಲ್ಲಿ “ಬಸ್ರಾ” ಎಂಬ ಮಾತಿದ್ದರೆ ಪುಣೆಯ ಹೆಸರನ್ನೇ ಹೊತ್ತಿದ್ದ 6ನೇ ಪೂನಾ ಡಿವಿಜನ್ ಮೊದಲು ನೆನಪಾಗಬೇಕು. ಅದರ ಮುಂಚೂಣಿ 1914ರ ನವೆಂಬರ್ 6ರಂದು ಪರ್ಶಿಯನ್ ಕೊಲ್ಲಿಯ ತುದಿಯ ಫಾವ್‌ನಲ್ಲಿ ಇಳಿಯಿತು. ಮುಂದಿನ ವರ್ಷ ಟೈಗ್ರಿಸ್ ನದಿಯುದ್ದಕ್ಕೂ ಬಾಗ್ದಾದಿನ ಸಮೀಪದವರೆಗೆ ಹೋಗಿ, ಹಿಮ್ಮೆಟ್ಟಿ, ಕುತ್ ಪಟ್ಟಣದಲ್ಲಿ 1915ರ ಡಿಸೆಂಬರಿನಿಂದ ಮುತ್ತಿಗೆಗೆ ಸಿಕ್ಕು, ಹಸಿವಿನಿಂದ ನಲುಗಿ, 1916ರ ಏಪ್ರಿಲ್ 29ರಂದು ಶರಣಾಯಿತು. ಆ ಮುತ್ತಿಗೆಯಲ್ಲಿ 103, 110 ಮತ್ತು 117ನೇ ಮರಾಠಾ ಪಲ್ಟಣಗಳಿದ್ದವು. ಸೆರೆಯಾದವರಲ್ಲಿ ಅನೇಕರು ತುರ್ಕಿಯ ಶಿಬಿರಗಳತ್ತ ನಡೆಯುತ್ತಾ ಸತ್ತರು. “ಸುದ್ದಿಯೇ ಬರಲಿಲ್ಲ” ಎಂಬ ಮಾತು ಉಳಿದಿರುವ ಮನೆಗಳು ಈ ತಿಂಗಳುಗಳನ್ನು ಮುಖ್ಯವಾಗಿ ನೋಡಬೇಕು.

ಪಲ್ಟಣಗಳು ದಿನದಿನವೂ ಬರೆದಿಟ್ಟ ಯುದ್ಧ ದಿನಚರಿಗಳು ಲಂಡನ್ನಿನ ಕ್ಯೂ ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. ಮೊದಲ ಯುದ್ಧದವು ಡಬ್ಲ್ಯೂಒ 95 ಎಂಬ ಸಾಲಿನಲ್ಲಿ ಬರುತ್ತವೆ. ಸಿಪಾಯಿಗಳ ಹೆಸರು ಅವುಗಳಲ್ಲಿ ವಿರಳ, ಆದರೆ ಒಂದು ದಿನ ಆ ಪಲ್ಟಣ ಎಲ್ಲಿತ್ತು, ಏನು ಮಾಡಿತು ಎಂಬುದು ಇರುತ್ತದೆ. ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದ ‘ಅಭಿಲೇಖ ಪಟಲ್’ ಜಾಲತಾಣದಲ್ಲಿಯೂ ಸೈನ್ಯ ಇಲಾಖೆಯ ಕಡತಗಳನ್ನು ಹುಡುಕಬಹುದು. ಆಜಾದ್ ಹಿಂದ್ ಫೌಜಿಗೆ ಸೇರಿದ್ದವರ ಕುಟುಂಬಗಳಿಗೆ ಅದೇ ಮುಖ್ಯ ಆಕರ.

ಮಡಿದವರ ಹೆಸರನ್ನು ಹುಡುಕುವುದು

ಮೊದಲ ಮಹಾಯುದ್ಧದಲ್ಲಿ ಅವಿಭಜಿತ ಭಾರತದಿಂದ 13 ಲಕ್ಷಕ್ಕೂ ಹೆಚ್ಚು ಜನ ಸೇವೆ ಸಲ್ಲಿಸಿ ಸುಮಾರು 74,000 ಮಂದಿ ಸತ್ತರು. ಎರಡನೆಯದರಲ್ಲಿ ಸುಮಾರು 25 ಲಕ್ಷ ಜನ ಸೇರಿ ಸುಮಾರು 87,000 ಮಂದಿ ಸತ್ತರು. ಅಂದರೆ ಹೋದವರಲ್ಲಿ ಹೆಚ್ಚಿನವರು ಮರಳಿ ಬಂದವರೇ. ಹಿರಿಯರು ಊರಿಗೆ ಮರಳಿ ಬಂದು ಬಾಳಿದ್ದರೆ ಈ ಭಾಗವನ್ನು ಬಿಟ್ಟು ಮುಂದೆ ಹೋಗಬಹುದು.

ಮಡಿದವರಿಗಾಗಿ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣವಿದೆ. 1917ರಲ್ಲಿ ಸ್ಥಾಪಿತವಾದ ಈ ಸಂಸ್ಥೆ ಎರಡು ಯುದ್ಧಗಳ ಸುಮಾರು 17 ಲಕ್ಷ ಮಂದಿಯ ಸ್ಮರಣೆಯನ್ನು ಕಾಯುತ್ತಿದೆ, ಅದರಲ್ಲಿ ಹುಡುಕಲು ಹಣ ಕೊಡಬೇಕಾಗಿಲ್ಲ. ಮೊದಲ ಯುದ್ಧಕ್ಕೆ 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರವರೆಗೆ, ಎರಡನೆಯದಕ್ಕೆ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗೆ ಸೇವೆಯಲ್ಲಿದ್ದು ತೀರಿಕೊಂಡವರು ಅದರಲ್ಲಿ ಸೇರುತ್ತಾರೆ. ಗುಂಡಿಗೆ ಬಲಿಯಾದವರು ಮಾತ್ರವಲ್ಲ, ಆಸ್ಪತ್ರೆಯಲ್ಲಿ ಜ್ವರದಿಂದ ಸತ್ತವರೂ ಸೇರುತ್ತಾರೆಂಬುದನ್ನು ಗಮನಿಸಬೇಕು.

ಅಲ್ಲಿ ನಮ್ಮ ಹೆಸರುಗಳನ್ನು ಹುಡುಕುವುದಕ್ಕೆ ತಾಳ್ಮೆ ಬೇಕು. ಭರ್ತಿ ಮಾಡಿಕೊಂಡ ಗುಮಾಸ್ತ ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದುಕೊಂಡ, ಆಮೇಲೆ ಇನ್ನೊಬ್ಬ ಅದನ್ನು ನಕಲು ಮಾಡಿದ. ಯಲ್ಲಪ್ಪ, ಬಸಪ್ಪ, ಮಲ್ಲಪ್ಪ ಎಂಬ ಹೆಸರುಗಳಲ್ಲಿ ಒತ್ತಕ್ಷರ ಎಲ್ಲಿ ಬಿದ್ದಿದೆಯೋ ಹೇಳಲಾಗದು. ಹೆಸರಿನ ಮೊದಲ ಮೂರು ನಾಲ್ಕು ಅಕ್ಷರಗಳನ್ನಷ್ಟೇ ಕೊಟ್ಟು ನೋಡಿ. ಮನೆತನದ ಹೆಸರು ಇಲ್ಲದೆ ಬರಿಯ ಹೆಸರೇ ಕುಲನಾಮದ ಕಡೆ ಕುಳಿತಿರುವುದೂ ಸಾಮಾನ್ಯ. ಹೆಸರಿಗಿಂತ ಒಳ್ಳೆಯ ದಾರಿಯೆಂದರೆ ಹೆಚ್ಚುವರಿ ವಿವರದ ಅಂಕಣದಲ್ಲಿ ಹುಡುಕುವುದು, ಏಕೆಂದರೆ ತಂದೆಯ ಹೆಸರು, ಹೆಂಡತಿಯ ಹೆಸರು, ಊರು, ಜಿಲ್ಲೆ ಅಲ್ಲಿಯೇ ಇರುತ್ತವೆ. ಜಿಲ್ಲೆಯನ್ನು ಅಂದಿನ ಕಾಗುಣಿತದಲ್ಲೇ ಕೊಡಬೇಕು: ಬೆಲ್ಗಾಮ್, ಬಿಜಾಪುರ್, ಕೊನೆಯಲ್ಲಿ ‘ಆರ್’ ಬರುವ ಧಾರ್ವಾರ್, ‘ಕೆ’ಯಿಂದ ಆರಂಭವಾಗುವ ಕನರಾ. ಪಲ್ಟಣದ ಹೆಸರಿನಲ್ಲಿಯೂ ಮರಾಠಾ ಎಂಬುದಕ್ಕೆ ಅಂದಿನವರು ‘ಎಚ್’ ಅಕ್ಷರವನ್ನು ಮೊದಲೇ ಸೇರಿಸಿ ಮಹ್‌ರಾಟ್ಟಾ ಎಂದು ಬರೆಯುತ್ತಿದ್ದರು. ನಂಬರು ಕೈಯಲ್ಲಿದ್ದರೆ ಇಷ್ಟೆಲ್ಲ ಬೇಕಾಗಿಯೇ ಇಲ್ಲ.

ಹೆಸರು ಸಿಕ್ಕ ಮೇಲೆ ಅದು ಯಾವ ಸ್ಮಾರಕದಲ್ಲಿದೆ ಎಂಬುದನ್ನು ಅರ್ಥ ಮಾಡಿಕೊಳ್ಳಬೇಕು. ಫ್ರಾನ್ಸಿನಲ್ಲಿ ಮಡಿದು ಸಮಾಧಿಯಿಲ್ಲದ 4,700ಕ್ಕೂ ಹೆಚ್ಚು ಭಾರತೀಯರ ಹೆಸರು ನೋವ್ ಶಪೆಲ್ ಸ್ಮಾರಕದಲ್ಲಿದೆ. ಮೆಸೊಪೊಟೇಮಿಯಾದಲ್ಲಿ, ಅಂದರೆ ಇಂದಿನ ಇರಾಕಿನಲ್ಲಿ ಮಡಿದವರು ಬಸ್ರಾ ಸ್ಮಾರಕಕ್ಕೆ ಸೇರಿದ್ದಾರೆ. ಎರಡನೆಯ ಯುದ್ಧದಲ್ಲಿ ಬರ್ಮಾದಲ್ಲಿ ಮಡಿದು ಸಮಾಧಿಯಿಲ್ಲದ ಸುಮಾರು 27,000 ಹೆಸರುಗಳು ತಾವ್‌ಕ್ಯಾನ್‌ನ ರಂಗೂನ್ ಸ್ಮಾರಕದಲ್ಲಿವೆ. ಇಟಲಿಯವರನ್ನು ಕಸ್ಸೀನೊ, ಸಾಂಗ್ರೊ, ಫೋರ್ಲಿ ಎಂಬಲ್ಲಿ ನೋಡಬೇಕು. ಭಾರತದ ಒಳಗೆ, ಕಾಳಗವಿಲ್ಲದ ಕಡೆ ತೀರಿಕೊಂಡ 25,000ಕ್ಕೂ ಹೆಚ್ಚು ಮಂದಿ ದೆಹಲಿ ಮತ್ತು ಕರಾಚಿಯ ಸ್ಮಾರಕಗಳಿಗೆ ಸೇರಿದ್ದಾರೆ. ಹಾಗಾಗಿ ಪುಣೆಯ ಆಸ್ಪತ್ರೆಯಲ್ಲಿ ಸತ್ತ ಸಿಪಾಯಿಯ ಹೆಸರು ಪುಣೆಯಲ್ಲೇ ಇರುತ್ತದೆಂದು ತಿಳಿಯಬಾರದು.

ಖಡಕಿಯಲ್ಲಿ, ಹೋಳ್ಕರ್ ಸೇತುವೆಯ ಬಳಿ ಇರುವ ಯುದ್ಧ ಸ್ಮಶಾನದ ಬಗ್ಗೆ ಇದೇ ಕಾರಣಕ್ಕೆ ಎರಡು ಮಾತು ಹೇಳಬೇಕು. ಪಶ್ಚಿಮ ಮತ್ತು ಮಧ್ಯ ಭಾರತದ ಬೇರೆ ಬೇರೆ ಕಡೆಗಳಲ್ಲಿ ಚದುರಿದ್ದ ಎರಡನೆಯ ಯುದ್ಧದ ಸಮಾಧಿಗಳನ್ನು ಒಂದೆಡೆ ತಂದು ಅದನ್ನು ಕಟ್ಟಿದರು. ಅಲ್ಲಿ 1,668 ಸಮಾಧಿಗಳಿವೆ. ಭಾರತದಲ್ಲಿ ಮೊದಲ ಯುದ್ಧದ ಕಾಲದಲ್ಲಿ ಸತ್ತು, ಸಮಾಧಿಯನ್ನು ಉಳಿಸಲಾಗದೆ ಹೋದ 1,800ಕ್ಕೂ ಹೆಚ್ಚು ಮಂದಿಯ ಸ್ಮಾರಕವೂ ಅಲ್ಲಿಯೇ ಇದೆ. ಹಿಂದೂ ಸೈನಿಕರನ್ನು ಸಾಮಾನ್ಯವಾಗಿ ದಹನ ಮಾಡುತ್ತಿದ್ದುದರಿಂದ ನಮ್ಮ ಕಡೆಯ ಹೆಸರುಗಳನ್ನು ಕಲ್ಲುಗಳಲ್ಲಿ ಹುಡುಕಿ ನಿರಾಶರಾಗಬೇಡಿ. ಆದರೂ ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಬೇಕೆಂಬುದು ನನ್ನ ಆಗ್ರಹ.

ಹೆಸರೇ ಸಿಗದಿದ್ದರೆ ಅದು ನಿಮ್ಮ ತಪ್ಪಲ್ಲ. ಮೊದಲ ಯುದ್ಧದ ನಂತರ ಆಫ್ರಿಕಾ ಮತ್ತು ಮಧ್ಯಪ್ರಾಚ್ಯದಲ್ಲಿ ಮಡಿದ ಭಾರತೀಯರಿಗೂ ಆಫ್ರಿಕನ್ನರಿಗೂ ಬಿಳಿಯರಿಗೆ ಸಂದ ಸ್ಮರಣೆ ಸಲ್ಲಲಿಲ್ಲ. ಕಮಿಷನ್ನೇ 2021ರಲ್ಲಿ ಪ್ರಕಟಿಸಿದ ವರದಿಯಲ್ಲಿ ಕನಿಷ್ಠ 45,000 ಮಂದಿಯ ಸ್ಮರಣೆಯಲ್ಲಿ ಅಸಮಾನತೆ ನಡೆದಿದೆಯೆಂದು ಒಪ್ಪಿಕೊಂಡು ಕ್ಷಮೆ ಕೇಳಿತು. ಮನೆಯಲ್ಲಿ ಫಲಕ, ಪಿಂಚಣಿ ಕಾಗದ, ಸಾವಿನ ತಂತಿ ಮುಂತಾದ ಪುರಾವೆ ಇದ್ದೂ ಹೆಸರು ಇಲ್ಲದಿದ್ದರೆ ಅವುಗಳ ಪ್ರತಿಯೊಡನೆ ಕಮಿಷನ್ನಿಗೆ ಬರೆಯಬಹುದು. ತಪ್ಪಾದ ಹೆಸರನ್ನು ತಿದ್ದಿಸಲೂ ಕೇಳಬಹುದು. ನಮ್ಮ ಜನ ಕೇಳಬೇಕು.

ಸಮುದ್ರದಲ್ಲಿದ್ದವರು, ಸೆರೆಯಲ್ಲಿದ್ದವರು

ಕರಾವಳಿಯಿಂದ ಮುಂಬಯಿಗೆ ಬಂದು ಹಡಗು ಹತ್ತಿದವರ ದಾರಿ ಬೇರೆ. ವ್ಯಾಪಾರಿ ಹಡಗುಗಳಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕಿದವರು, ಅಡುಗೆ ಮಾಡಿದವರು ಟಾರ್ಪೆಡೊಗೆ ಸಿಕ್ಕು ಸತ್ತರೆ ಅವರಿಗೆ ಪಲ್ಟಣವಿರುವುದಿಲ್ಲ, ಹಡಗಿನ ಹೆಸರು ಇರುತ್ತದೆ. ಮುಂಬಯಿಯ ಮಸ್ಜಿದ್ ಬಂದರಿನ ಇಂಡಿಯನ್ ಸೇಲರ್ಸ್ ಹೋಮಿನಲ್ಲಿ, ಮೊದಲ ಯುದ್ಧದಲ್ಲಿ ಸಮುದ್ರಪಾಲಾದ 2,000ಕ್ಕೂ ಹೆಚ್ಚು ನಾವಿಕರ ಸ್ಮಾರಕವಿದೆ. ಎರಡನೆಯ ಯುದ್ಧದ 6,000ಕ್ಕೂ ಹೆಚ್ಚು ನಾವಿಕರ ಹೆಸರುಗಳನ್ನು ಬರೆದ ಗೌರವ ಗ್ರಂಥದ ಒಂದು ಪ್ರತಿಯನ್ನು ಇದೇ ನಗರಕ್ಕೂ ಇನ್ನೊಂದನ್ನು ಚಿತ್ತಗಾಂಗಿಗೂ ಕೊಟ್ಟಿದ್ದಾರೆ. ಹೋಗುವ ಮುನ್ನ ವೇಳೆ ವಿಚಾರಿಸಿಕೊಳ್ಳಿ.

ಅಜ್ಜ ಗೋದಿಯಲ್ಲಿ, ಅಂದರೆ ಬಂದರಿನ ಧಕ್ಕೆಯಲ್ಲಿ ದುಡಿಯುತ್ತಿದ್ದು 1944ರಲ್ಲಿ ಸತ್ತರೆಂದು ಮನೆಯಲ್ಲಿ ಹೇಳುತ್ತಿದ್ದರೆ ತಿಂಗಳನ್ನು ಕೇಳಿ. ಆ ವರ್ಷದ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕಿನ್ ಎಂಬ ಮದ್ದುಗುಂಡಿನ ಹಡಗು ಸಿಡಿದು ನೂರಾರು ಮಂದಿ ಸತ್ತರು, ಅವರಲ್ಲಿ 66 ಮಂದಿ ಅಗ್ನಿಶಾಮಕ ದಳದವರು. ಕೂಲಿಗಳೂ ಅಗ್ನಿಶಾಮಕರೂ ಸೈನ್ಯದ ದಾಖಲೆಯಲ್ಲಿ ಸಿಗುವುದಿಲ್ಲ. ಬಂದರು ಆಡಳಿತ, ಅಗ್ನಿಶಾಮಕ ದಳ, ನಗರಪಾಲಿಕೆಯ ಮರಣ ನೋಂದಣಿ ಇವುಗಳಲ್ಲಿ ಕೇಳಬೇಕು.

ನೌಕಾಪಡೆಯಲ್ಲಿದ್ದು 1946ರಲ್ಲಿ ಏಕಾಏಕಿ ಊರಿಗೆ ಮರಳಿದವರ ಬಗ್ಗೆ ಕೆಲವು ಮನೆಗಳಲ್ಲಿ ಮಾತೇ ಆಡುವುದಿಲ್ಲ. ಆ ವರ್ಷದ ಫೆಬ್ರವರಿ 18ರಂದು ಮುಂಬಯಿಯ ತಲ್ವಾರ್ ನೆಲೆಯಲ್ಲಿ ಆರಂಭವಾದ ನಾವಿಕರ ಬಂಡಾಯದ ನಂತರ ಅನೇಕರನ್ನು ಸೇವೆಯಿಂದ ತೆಗೆದುಹಾಕಿದರು. ಅದು ಅವಮಾನವಲ್ಲ ಎಂದು ಮನೆಯ ಹಿರಿಯರಿಗೆ ತಿಳಿಸಿ ಹೇಳುವುದೂ ಈ ಹುಡುಕಾಟದ ಭಾಗವೇ.

ಸೆರೆಸಿಕ್ಕವರ ಮಾಹಿತಿಗೆ ಜಿನೀವಾದ ಅಂತಾರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿ ಇದೆ. ಮೊದಲ ಯುದ್ಧದ ಸೆರೆಯಾಳುಗಳ ಚೀಟಿಗಳನ್ನು ಅಂತರ್ಜಾಲದಲ್ಲೇ ನೋಡಬಹುದು. ಎರಡನೆಯದಕ್ಕೆ ಅರ್ಜಿ ಹಾಕಬೇಕು, ಅರ್ಜಿ ಸ್ವೀಕರಿಸುವುದಕ್ಕೂ ನಿಗದಿತ ಅವಧಿಗಳಿವೆ.

ಮರಳಿ ಬಂದವರು ಮತ್ತು 1947ರ ನಂತರದವರು

ಪ್ರತಿ ದಳಕ್ಕೂ ಒಂದು ರೆಕಾರ್ಡ್ ಆಫೀಸ್ ಇರುತ್ತದೆ. ಮರಾಠಾ ಲೈಟ್ ಇನ್‌ಫೆಂಟ್ರಿಯದು ಬೆಳಗಾವಿ, ಸೈನ್ಯದ ಎಂಜಿನಿಯರ್ ದಳಗಳಾದ ಬಾಂಬೆ ಸ್ಯಾಪರ್ಸ್‌ನದು ಖಡಕಿ, ಮದ್ರಾಸ್ ಸ್ಯಾಪರ್ಸ್‌ನದು ಬೆಂಗಳೂರು, ತೋಪುಪಡೆಯದು ನಾಸಿಕ್ ರೋಡ್. ನೌಕಾಪಡೆಯ ನಾವಿಕರ ದಾಖಲೆಗಳು ಮುಂಬಯಿಯ ಮಾನ್‌ಖುರ್ದ್‌ನಲ್ಲಿರುವ ಬ್ಯೂರೋ ಆಫ್ ಸೇಲರ್ಸ್ ಬಳಿ ಇವೆ. ಇಲ್ಲಿ ಒಂದು ಕಟುವಾದ ಸತ್ಯವಿದೆ: ಪಿಂಚಣಿ ಇಲ್ಲದೆ ಬಿಡುಗಡೆಯಾದವರ ಸೇವಾ ಕಾಗದಗಳನ್ನು ನಿಯಮದಂತೆ 25 ವರ್ಷಗಳ ನಂತರ ನಾಶ ಮಾಡುತ್ತಾರೆ. ಯುದ್ಧಕ್ಕೆಂದೇ ಸೇರಿ 1946ರಲ್ಲಿ ಮನೆಗೆ ಮರಳಿದ ಲಕ್ಷಾಂತರ ಮಂದಿ ಪಿಂಚಣಿಯಿಲ್ಲದವರೇ. ಆದರೆ ‘ಲಾಂಗ್ ರೋಲ್’ ಎಂಬ ದಾಖಲೆ ಪುಸ್ತಕವನ್ನು ಶಾಶ್ವತವಾಗಿ ಉಳಿಸಿಕೊಳ್ಳಬೇಕೆಂದಿದೆ. ಆದ್ದರಿಂದ ಅರ್ಜಿಯಲ್ಲಿ ಸೇವಾ ಕಾಗದಗಳನ್ನು ಕೇಳುವುದರ ಜೊತೆಗೆ, ಅವು ಇಲ್ಲವಾದಲ್ಲಿ ಲಾಂಗ್ ರೋಲಿನಲ್ಲಿರುವ ನಮೂದಿನ ದೃಢೀಕೃತ ಪ್ರತಿಯನ್ನು ಕೊಡಿ ಎಂದು ಸ್ಪಷ್ಟವಾಗಿ ಬರೆಯಬೇಕು. ಇದನ್ನು ಬರೆಯದ ಅರ್ಜಿಗೆ “ದಾಖಲೆ ಲಭ್ಯವಿಲ್ಲ” ಎಂಬ ಒಂದು ಸಾಲಿನ ಉತ್ತರ ಬಂದು ಅಲ್ಲಿಗೇ ಕೆಲಸ ನಿಂತುಹೋಗಬಹುದು.

ಮೊದಲು ಸಾಧಾರಣ ಪತ್ರ ಬರೆಯಿರಿ. ಸಂಬಂಧವನ್ನು ತೋರಿಸುವ ವಂಶವೃಕ್ಷ ಪ್ರಮಾಣಪತ್ರ ಅಥವಾ ಪಡಿತರ ಚೀಟಿಯ ಪ್ರತಿ ಇರಲಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಡನೆ ಕೇಳಿದರೆ 30 ದಿನಗಳಲ್ಲಿ ಉತ್ತರಿಸಬೇಕಾಗುತ್ತದೆ. ಅದೇ ಕಾಯ್ದೆಯ 8ನೇ ಸೆಕ್ಷನ್ನಿನ 3ನೇ ಉಪಭಾಗದಂತೆ 20 ವರ್ಷಕ್ಕಿಂತ ಹಿಂದಿನ ಘಟನೆಗಳ ಮಾಹಿತಿಗೆ ಬಹುಪಾಲು ವಿನಾಯಿತಿಗಳು ಅನ್ವಯಿಸುವುದಿಲ್ಲ.

ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯನ್ನು ಕಡೆಗಣಿಸಬೇಡಿ. ಪಿಂಚಣಿಯಿಲ್ಲದ ಎರಡನೆಯ ಮಹಾಯುದ್ಧದ ಯೋಧರಿಗೂ ಅವರ ಹೆಂಡಂದಿರಿಗೂ ರಾಜ್ಯ ಸರ್ಕಾರ ಮಾಸಿಕ ನೆರವು ಕೊಡುತ್ತಾ ಬಂದಿದೆ. ಅಜ್ಜಿ ಎಂದಾದರೂ ಆ ನೆರವು ಪಡೆದಿದ್ದರೆ ಅಜ್ಜನ ನಂಬರು, ಪಲ್ಟಣ ಎರಡೂ ಅವರ ಅರ್ಜಿಯ ಕಡತದಲ್ಲಿ ಇರಲೇಬೇಕು. ಅವರು ಕೊನೆಗಾಲದಲ್ಲಿ ವಾಸವಿದ್ದ ಜಿಲ್ಲೆಯ ಕಚೇರಿಯಲ್ಲಿ ಕೇಳಿ. ಅದು ಊರಿನ ಜಿಲ್ಲೆಯಾಗಿರದೆ ಪುಣೆ ಅಥವಾ ಠಾಣೆಯೂ ಆಗಿರಬಹುದು.

1947ರ ನಂತರ ಮಡಿದವರ ಹೆಸರುಗಳು ದೆಹಲಿಯಲ್ಲಿ 2019ರ ಫೆಬ್ರವರಿ 25ರಂದು ಉದ್ಘಾಟನೆಯಾದ ರಾಷ್ಟ್ರೀಯ ಸಮರ ಸ್ಮಾರಕದ ಗೋಡೆಗಳಲ್ಲಿವೆ, ಅದರ ಜಾಲತಾಣದಲ್ಲಿಯೂ ಹುಡುಕಬಹುದು. ಖುಕ್ರಿ ಹಡಗು 1971ರ ಡಿಸೆಂಬರ್ 9ರಂದು ದಿಯು ಕರಾವಳಿಯಾಚೆ ಮುಳುಗಿದಾಗ ಹೋದ 18 ಅಧಿಕಾರಿಗಳು ಮತ್ತು 176 ನಾವಿಕರಿಗೆ ದಿಯುವಿನಲ್ಲಿಯೇ ಸ್ಮಾರಕವಿದೆ.

ದೊರೆತದ್ದನ್ನು ಮನೆತನಕ್ಕೆ ಮರಳಿಸುವುದು

ದಿನಾಂಕ ಸಿಕ್ಕಾಗ ಅನೇಕರು ಮೊದಲು ಕೇಳುವುದು ತಿಥಿಯ ಬಗ್ಗೆ. ಸತ್ತ ದಿನ ತಿಳಿಯದವರಿಗೆ ಮಹಾಲಯ ಅಮಾವಾಸ್ಯೆಯಂದು ಎಡೆ ಇಡುವುದು, ಶಸ್ತ್ರದಿಂದ ಸತ್ತವರಿಗೆ ಪಕ್ಷದ ಘಾತ ಚತುರ್ದಶಿಯಂದು ಮಾಡುವುದು ಹಲವು ಮನೆತನಗಳ ರೂಢಿ. ನಿಜವಾದ ದಿನಾಂಕ ಕೈಗೆ ಬಂದರೆ ಆ ವರ್ಷದ ಪಂಚಾಂಗ ನೋಡಿ ತಿಥಿಯನ್ನು ಪುರೋಹಿತರಿಂದ ತಿಳಿದುಕೊಳ್ಳಬಹುದು. ಮಂಗಳೂರಿನ ಕ್ರೈಸ್ತ ಕುಟುಂಬಗಳು ನವೆಂಬರ್ 2ರ ಸಕಲ ಆತ್ಮಗಳ ದಿನದ ಪೂಜೆಯಲ್ಲಿ ಆ ಹೆಸರನ್ನು ಸೇರಿಸಬಹುದು. ನೂರು ವರ್ಷಗಳ ನಂತರ ಹೀಗೆ ಆರಂಭವಾದ ಸ್ಮರಣೆ ತಡವಾದದ್ದೆಂದು ನನಗೆ ಅನಿಸುವುದಿಲ್ಲ.

ಸಿಕ್ಕಿದ್ದನ್ನೆಲ್ಲ ಕನ್ನಡದಲ್ಲಿ ಎರಡು ಪುಟದಲ್ಲಾದರೂ ಬರೆದಿಡಿ, ಏಕೆಂದರೆ ಊರಿನ ದಾಯಾದಿಗಳಿಗೆ ಇಂಗ್ಲಿಷ್ ಪ್ರಮಾಣಪತ್ರಕ್ಕಿಂತ ಅದು ಉಪಯುಕ್ತ. ಯಾವ ಮಾತು ಕಾಗದದಿಂದ ಬಂದದ್ದು, ಯಾವುದು ಅಜ್ಜಿ ಹೇಳಿದ್ದು, ಯಾವುದು ನಿಮ್ಮ ಊಹೆ ಎಂಬುದನ್ನು ಬೇರೆ ಬೇರೆಯಾಗಿ ತೋರಿಸಬೇಕು. ಇಲ್ಲವಾದರೆ ಮುಂದಿನ ತಲೆಮಾರಿಗೆ ಊಹೆಯೇ ಸತ್ಯವಾಗಿಬಿಡುತ್ತದೆ. ಕಾಗದಗಳನ್ನು ಲ್ಯಾಮಿನೇಷನ್ ಮಾಡಿಸಬೇಡಿ. ಸ್ಕ್ಯಾನ್ ಮಾಡಿ ಮೂಲವನ್ನು ಬಟ್ಟೆಯಲ್ಲಿ ಸುತ್ತಿ, ಮುಂಬಯಿಯ ಮಳೆಗಾಲದ ತೇವ ತಾಗದ ಕಡೆ ಇಡಿ. ಬರಹದ ಒಂದು ಪ್ರತಿ ಊರಿನ ಶಾಲೆಗೆ, ಒಂದು ನೀವು ಸದಸ್ಯರಾಗಿರುವ ಇಲ್ಲಿನ ಕನ್ನಡ ಸಂಘದ ಗ್ರಂಥಾಲಯಕ್ಕೆ, ಒಂದು ಪಲ್ಟಣದ ಕೇಂದ್ರಕ್ಕೆ ಹೋಗಲಿ. ಜೊತೆಗೆ ಹೋದವರೆಂದು ಅಜ್ಜಿ ಹೇಳಿದ ಬೇರೆ ಮನೆಗಳ ಹೆಸರುಗಳಿದ್ದರೆ, ಅವರ ಮೊಮ್ಮಕ್ಕಳನ್ನು ವಿಚಾರಿಸಿ ಅವರಿಗೂ ಒಂದು ಪ್ರತಿ ಕಳುಹಿಸಿ.